ಭಟ್ಟರ ಮಡಿ, ಪದ್ಮನಾಭನ ಸೊಂಟ

ಸರ್ಕಾರಿ ಕಾಗದಪತ್ರದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ನಮ್ಮ ಅಮ್ಮ ಅದನ್ನು ಚಿಕ್ಕದಾಗಿ ಹೇಳುತ್ತಿದ್ದಳು: "ಗಂಡಸ್ರ ಸೊಂಟ ನೋಡೋದು."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಐವತ್ತರ ದಶಕದ ಕೊನೆಗೆ ಮದರಾಸಿನ ಒಂದು ದೊಡ್ಡ ಆಸ್ಪತ್ರೆಯ ಕೃತಕ ಕಾಲಿನ ವಿಭಾಗಕ್ಕೆ ನಾನು ಸೇರಿದೆ. ಕಾಲು ಕಳೆದುಕೊಂಡವರಿಗೆ ಹೊಸ ಕಾಲು ಕಟ್ಟಿದ ಮೇಲೆ ನಡೆಯಲು ಕಲಿಸುವುದು ನನ್ನ ಪಾಲಿನ ಕೆಲಸ. ಅವರ ಬೆನ್ನ ಹಿಂದೆಯೇ ನಡೆಯುತ್ತ, ಸೊಂಟ ಎತ್ತ ವಾಲುತ್ತದೆ ಎಂದು ಕಣ್ಣು ನೆಟ್ಟು ನೋಡುತ್ತಿರಬೇಕು. ತಿರುವಲ್ಲಿಕ್ಕೇಣಿಯ ಮಾಧ್ವರ ಮನೆಯ, ಇನ್ನೂ ಮದುವೆಯಾಗದ ಹುಡುಗಿ ನಾನು. "ಇದಕ್ಕೂ ಸಂಬಳ ಕೊಡ್ತಾರೇನೇ? ಯಾರಾದ್ರೂ ಕೇಳಿದ್ರೆ ನಾನು ಏನೂಂತ ಹೇಳ್ಲಿ?" ಎಂದು ಅಮ್ಮ ಕೊರಗುತ್ತಿದ್ದಳು. ಕೊನೆಗೆ, ಮಗಳು ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಾಳೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಳು. ಅವರು ತಲೆನೋವಿಗೆ ಮಾತ್ರೆ ಕೇಳಿಕೊಂಡು ಬರತೊಡಗಿದಾಗ ಅಂಗಡಿಯಿಂದ ತರಿಸಿ ಕೊಟ್ಟು ಮಾನ ಉಳಿಸಿಕೊಂಡಳು.

ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳೇ, ನಿಮ್ಮಲ್ಲಿ ಚರ್ಮಕ್ಕೆ ತಂತಿ ಅಂಟಿಸಿ, ಯಾವ ಸ್ನಾಯು ಯಾವ ಗಳಿಗೆಯಲ್ಲಿ ದುಡಿಯಿತು, ಯಾವಾಗ ನಿದ್ದೆ ಹೋಯಿತು ಎಂದು ಗೆರೆ ಎಳೆದು ತೋರಿಸುವ ಯಂತ್ರಗಳಿವೆಯಂತೆ. ಸಂತೋಷ. ನಮ್ಮ ಹತ್ತಿರ ಇದ್ದದ್ದು ಅಂಗೈ. ಬೇಕಾದರೆ ನೀವೇ ನೋಡಿ. ಎದ್ದು ನಿಂತು, ಸೀರೆ ನೆರಿಗೆ ಸಿಕ್ಕಿಸುವಲ್ಲಿಗೆ ಸ್ವಲ್ಪ ಕೆಳಗೆ, ಪಕ್ಕಕ್ಕೆ, ಅಂಗೈ ಒತ್ತಿ ಹಿಡಿಯಿರಿ. ಇನ್ನೊಂದು ಕಾಲು ಎತ್ತಿ. ಅಂಗೈ ಕೆಳಗೆ ಒಂದು ಸ್ನಾಯು ಗಟ್ಟಿಯಾಗುತ್ತದಲ್ಲ, ಅದೇ ನಮ್ಮ ಕಥಾನಾಯಕ. ಒಂದೇ ಕಾಲ ಮೇಲೆ ನಿಂತಾಗ ಸೊಂಟ ಆ ಕಡೆ ಕುಸಿಯದಂತೆ ಹಿಡಿಯುವವನು ಅವನೇ. ನಡಿಗೆ ಎಂದರೆ ಒಂದಾದ ಮೇಲೊಂದು ಕಾಲ ಮೇಲೆ ನಿಲ್ಲುವುದು ತಾನೆ. ಅವನು ರಜೆ ಹಾಕಿದರೆ ಮನುಷ್ಯ ಹೆಜ್ಜೆಹೆಜ್ಜೆಗೂ ವಾಲುತ್ತಾನೆ.

ಮೊಣಕಾಲಿನಿಂದ ಮೇಲಕ್ಕೆ ಕಾಲು ಕಳೆದುಕೊಂಡವರಲ್ಲಿ ಈ ಸ್ನಾಯು ಹಾಗೆಯೇ ಉಳಿದಿರುತ್ತದೆ. ಆದರೆ ಅದು ದುಡಿಯುತ್ತದೋ ಇಲ್ಲವೋ ಎಂಬುದು ಹೊಸ ಕಾಲನ್ನು ಮೈಗೆ ಹೇಗೆ ಕಟ್ಟಿದ್ದೇವೆ ಎನ್ನುವುದರ ಮೇಲೆ ನಿಂತಿದೆ. ಈ ಮಾತು ನನ್ನ ತಲೆಗೆ ಹತ್ತಲು ಕೆಲವು ವರ್ಷ ಹಿಡಿಯಿತು. ಹತ್ತಿಸಿದವರು ಯಾವ ಪ್ರೊಫೆಸರರೂ ಅಲ್ಲ, ಚರ್ಮ ಮುಟ್ಟದ ಒಬ್ಬ ಅಡಿಗೆಯವರು. ಅಲ್ಲಿಗೆ ಬರುತ್ತೇನೆ.

ನಮ್ಮ ವರ್ಕ್‌ಶಾಪಿನಲ್ಲಿ ಕಾಲು ಮಾಡುತ್ತಿದ್ದವರು ಆರುಮುಗಂ ಮೇಸ್ತ್ರಿ. ಅವರು ಮೊದಲು ಗಿಂಡಿಯ ಕಡೆ ರೇಸು ಕುದುರೆಗಳಿಗೆ ಜೀನು, ಲಗಾಮು ಹೊಲಿಯುತ್ತಿದ್ದವರು. ಕುದುರೆಯಿಂದ ಮನುಷ್ಯನಿಗೆ ಬಡ್ತಿ ಸಿಕ್ಕಿದ್ದರೂ ಪಟ್ಟಿಯ ಮೇಲಿನ ಪ್ರೀತಿ ಬಿಟ್ಟಿರಲಿಲ್ಲ. ಕ್ರೋಂಪೇಟೆಯಿಂದ ಬಂದ ಚರ್ಮವನ್ನು ಮೂಗಿನ ಹತ್ತಿರ ಹಿಡಿದು, ಮಲ್ಲಿಗೆ ಮೂಸುವ ಹಾಗೆ ಮೂಸಿ, "ಫಸ್ಟ್ ಕ್ಲಾಸ್ಮಾ!" ಎನ್ನುತ್ತಿದ್ದರು. ಯಾವ ಕಾಲು ಸಡಿಲ ಎಂದು ದೂರು ಬಂದರೂ ಅವರ ಉತ್ತರ ಒಂದೇ, ಇನ್ನೊಂದು ಪಟ್ಟಿ.

ಆಗ ಕಾಲನ್ನು ಹೆಗಲಿಗೆ ತೂಗುಹಾಕುವ ಪದ್ಧತಿ ಇತ್ತು. ಹೆಗಲ ಮೇಲಿಂದ ಚರ್ಮದ ಪಟ್ಟಿ ಇಳಿದು ಬಂದು ಕಾಲನ್ನು ಹಿಡಿದುಕೊಳ್ಳುತ್ತಿತ್ತು. ಮುಂದೆ ಹೆಜ್ಜೆ ಇಡಬೇಕಾದರೆ ಹೆಗಲು ಎತ್ತಬೇಕು. ಹೀಗೆ ಕಾಲು ಕಟ್ಟಿಸಿಕೊಂಡವರಲ್ಲಿ ಒಬ್ಬ ವಕೀಲರಿದ್ದರು. ಕೋರ್ಟಿನಲ್ಲಿ ಅವರು ಮ್ಯಾಜಿಸ್ಟ್ರೇಟರ ಮುಂದೆ ಓಡಾಡಿಕೊಂಡು ವಾದಿಸಿದರೆ, ಹೆಜ್ಜೆಗೊಂದು ಸಲ ಹೆಗಲು ಮೇಲೆ ಹೋಗುತ್ತಿತ್ತು. ನೋಡಿದವರಿಗೆ "ಯಾರಿಗೆ ಗೊತ್ತು, ನನಗೇನು" ಎಂದ ಹಾಗೆ ಕಾಣಬೇಕು. "ಕಕ್ಷಿದಾರನ ಮೇಲೆ ನಿಮಗೇ ನಂಬಿಕೆ ಇಲ್ಲವಲ್ಲ" ಎಂದು ಮ್ಯಾಜಿಸ್ಟ್ರೇಟರು ರೇಗಿದರಂತೆ. ವಕೀಲರು ಅದೇ ದಿನ ಗೌನು ಹಾಕಿಕೊಂಡೇ ನಮ್ಮಲ್ಲಿಗೆ ಬಂದರು. ಹೆಗಲ ಪಟ್ಟಿ ಬಿಚ್ಚಿ ಸೊಂಟದ ಪಟ್ಟಿ ಕಟ್ಟಿದೆವು.

ಸೊಂಟದ ಪಟ್ಟಿ ಎಂದರೆ ಅಗಲವಾದ ಚರ್ಮದ ಬೆಲ್ಟು. ಅದರ ಪಕ್ಕದಲ್ಲಿ ಒಂದು ಉಕ್ಕಿನ ಕೀಲು, ಆ ಕೀಲಿಗೆ ಕಾಲು. ಕಾಲು ಹಿಂದೆ ಮುಂದೆ ಆಡುತ್ತದೆ, ಪಕ್ಕಕ್ಕೆ ಅಲ್ಲಾಡುವುದಿಲ್ಲ. ಬಹಳ ಭದ್ರ. ನಾವೆಲ್ಲ ಹಿಗ್ಗಿಹೋದೆವು. ಆದರೆ ಕೆಲವು ತಿಂಗಳು ಬಿಟ್ಟು ನನ್ನ ಅಂಗೈ ಬೇರೆಯೇ ಹೇಳತೊಡಗಿತು. ಬೆಲ್ಟು ಕಟ್ಟಿದವರ ಸೊಂಟದ ಪಕ್ಕ ಮುಟ್ಟಿದರೆ ಮೆತ್ತಗೆ. ಉಕ್ಕಿನ ಕೀಲೇ ಭಾರ ಹೊತ್ತು ನಿಂತ ಮೇಲೆ ನಮ್ಮ ಸ್ನಾಯು ಮನೆಅಳಿಯನ ಹಾಗೆ ಉಂಡು ಮಲಗಿಬಿಟ್ಟಿತ್ತು. ಅದಕ್ಕೇ ಅವರೆಲ್ಲ ಪಟ್ಟಿ ಎಷ್ಟು ಬಿಗಿದರೂ ಮೈಯನ್ನು ಆ ಕಡೆಗೆ ಒಗೆದು ಒಗೆದು ನಡೆಯುತ್ತಿದ್ದರು.

ಮೂರನೆಯ ಪದ್ಧತಿಯೂ ಒಂದಿತ್ತು. ಅದನ್ನು ಹೊರದೇಶದಿಂದ ಹೊತ್ತು ತಂದವರು ನಮ್ಮ ಚೀಫ್. ಒಳ್ಳೆಯ ಸರ್ಜನ್, ಕೈ ಶುದ್ಧ, ಬಾಯಿ ಖಾರ. ಮರವನ್ನು ಮೋಟು ತೊಡೆಯ ಅಳತೆಗೆ ಸರಿಯಾಗಿ ಕೊರೆದು, ತೊಡೆಯನ್ನು ಅದರೊಳಗೆ ಎಳೆದು ಕೂರಿಸಿ, ಗಾಳಿ ಹೊರಗೆ ಹಾಕಿ, ತಳದ ತೂತಿಗೆ ಹಿತ್ತಾಳೆಯ ಬಿರಡೆ ಹಾಕಿದರೆ ಕಾಲು ತಾನೇ ಕಚ್ಚಿಕೊಂಡು ನಿಲ್ಲುತ್ತದೆ. ಪಟ್ಟಿಯೇ ಬೇಡ. ಆರುಮುಗಂ ಮೇಸ್ತ್ರಿಗೆ ಇದು ದೇವರಿಲ್ಲ ಎಂದ ಹಾಗೆ ಕೇಳಿಸಿತು. ಆದರೂ ಒಂದನ್ನು ಮಾಡಿ, ಅಂಬತ್ತೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರಿಗೆ ಹಾಕಿದೆವು. ಮದರಾಸಿನ ಮೇ ತಿಂಗಳು. ಬೆವರು ಇಳಿದು, ಹಿಡಿತ ಜಾರಿ, ಅವರು ಬಸ್ಸಿನಿಂದ ಇಳಿಯುವಾಗ ಕಾಲು ಫುಟ್‌ಬೋರ್ಡಿನ ಮೇಲೇ ಉಳಿಯಿತು. ಬಸ್ಸು ಹೊರಟೇಹೋಯಿತು. ಪಾಪ, ಕಂಡಕ್ಟರು ಮರುದಿನ ಅದನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ತಂದು, "ಪ್ಯಾಸೆಂಜರ್ ಇಳಿದ್ರು, ಲಗೇಜ್ ಬಿಟ್ಟುಹೋದ್ರು" ಎಂದ. ಚೀಫ್ ಆ ಪದ್ಧತಿಯ ಹೆಸರೆತ್ತಕೂಡದೆಂದು ಅಪ್ಪಣೆ ಮಾಡಿದರು. ಆ ಕಾಲು ಅಟ್ಟ ಹತ್ತಿತು.

ಪದ್ಮನಾಭ ಬಂದದ್ದು ಆಮೇಲೆ. ಉಡುಪಿ ಕಡೆಯ ಹುಡುಗ, ಜಾರ್ಜ್ ಟೌನಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಲೋಕಲ್ ರೈಲು ಹತ್ತುವಾಗ ಜಾರಿ ಎಡಗಾಲು ತೊಡೆಯ ಅರ್ಧಕ್ಕೆ ಹೋಗಿತ್ತು. ಎಡಗೈ ಉದ್ದಕ್ಕೂ, ಮಣಿಕಟ್ಟಿನಿಂದ ತೋಳಿನವರೆಗೆ, ದೋಸೆ ತಟ್ಟೆಗಳನ್ನು ಒಂದರ ಬೆನ್ನಿಗೊಂದು ಜೋಡಿಸಿಕೊಂಡು ಓಡುತ್ತಿದ್ದವನಂತೆ. ಆ ಬೀದಿಯಲ್ಲಿ ಅಷ್ಟು ತಟ್ಟೆ ಹೊರುವವನು ಇನ್ನೊಬ್ಬನಿರಲಿಲ್ಲ ಎಂದು ಅವನೇ ಹೇಳಿಕೊಂಡ. ಹೇಳಿಕೊಳ್ಳುವುದರಲ್ಲೂ ಅವನನ್ನು ಮೀರಿಸುವವರಿರಲಿಲ್ಲ.

ಅವನಿಗೆ ಸೊಂಟದ ಪಟ್ಟಿಯ ಕಾಲು ಕಟ್ಟಿ, ನಡೆಸಿ ಕಳುಹಿಸಿದೆವು. ವಾರ ಕಳೆಯುವಷ್ಟರಲ್ಲಿ ವಾಪಸು ಬಂದು ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತ.

"ಏನೋ, ನೋವಾಗುತ್ತಾ?" ಎಂದೆ.

"ನೋವು ಎಂತದ್ದೂ ಇಲ್ಲ ಅಕ್ಕಾ. ಗಿರಾಕಿಗಳದ್ದೇ ಉಪದ್ರ. ನಾನು ತಟ್ಟೆ ಹಿಡ್ಕೊಂಡು ವಾಲಿ ವಾಲಿ ಬರುದು ನೋಡಿ ಅವರೇ ಎದ್ದು ಬಂದು ಕೈಯಿಂದ ತೆಕ್ಕೊಳ್ತಾರೆ. ತಮಿಳಲ್ಲಿ 'ಪಾವಂ, ಪಾವಂ' ಅಂತಾರೆ, ಪಾಪ ಅಂತ. ಒಬ್ಬ ಅಜ್ಜ ತನ್ನ ಎಂಜಲು ತಟ್ಟೆ ತಾನೇ ತೊಳೆಲಿಕ್ಕೆ ಹೋದ. ಸಪ್ಲೈಯರ್‌ಗೆ ಪಾವಂ ಅಂದ್ರೆ ಮತ್ತೆ ಬದುಕಿ ಎಂತ ಮಾಡುದು ಹೇಳಿ."

ಅದು ಸಾಲದೆಂದು ಇನ್ನೊಂದು ತೊಡಕು. ಹೋಟೆಲಿನ ಯಜಮಾನರೂ ಅಡಿಗೆಯವರೂ ಒಬ್ಬರೇ, ಅನಂತ ಭಟ್ಟರು. ಅವರ ಅಡಿಗೆಮನೆಗೆ ಚರ್ಮ ಬರುವಂತಿಲ್ಲ. ಕೈಗಡಿಯಾರದ ಪಟ್ಟಿಯನ್ನೂ ಹೊಸ್ತಿಲ ಹೊರಗೆ ಬಿಚ್ಚಿಡಬೇಕು. ಪದ್ಮನಾಭ ತನ್ನ ಬೆಲ್ಟನ್ನು ಎಲ್ಲಿ ಬಿಚ್ಚಿಡುವುದು? ಹೊಸ್ತಿಲಾಚೆ ನಿಂತು ತಟ್ಟೆಗೆ ಕೈ ಚಾಚುತ್ತಿದ್ದ. ಭಟ್ಟರಿಗೂ ಹಿಂಸೆ. ಒಂದು ದಿನ ಅವರೇ ಪಂಚೆ ಎತ್ತಿ ಕಟ್ಟಿಕೊಂಡು ಆಸ್ಪತ್ರೆಗೆ ಬಂದರು.

"ನೋಡಿ ಅಮ್ಮಾ, ಹುಡುಗ ನಂಗೆ ಮಗನ ಹಾಗೆ," ಎಂದರು. "ಗಲ್ಲಾಪೆಟ್ಟಿಗೆ ಹತ್ರ ಕೂತ್ಕೋ ಹೇಳಿದೆ, ಕೇಳುದಿಲ್ಲ. ಸಪ್ಲೈ ಮಾಡ್ಲಿಕ್ಕೆ ಆಗದಿದ್ರೆ ಊರಿಗೆ ಹೋಗಿ ಅಕ್ಕನ ಮನೆ ಜಗಲಿಯಲ್ಲಿ ಕೂತ್ಕೊಳ್ತೇನೆ ಅಂತಾನೆ. ಹಾಗಂತ ನಾನು ಒಲೆ ಹತ್ರ ಚರ್ಮ ಬಿಟ್ಕೊಳ್ಲಿಕ್ಕುಂಟಾ? ಚರ್ಮ ಇಲ್ಲದ ಕಾಲು ಇಲ್ವಾ ನಿಮ್ಮಲ್ಲಿ?"

ಮೇಸ್ತ್ರಿ ದಪ್ಪ ನೂಲಿನ ಪಟ್ಟಿ ಹೊಲಿದು ನೋಡಿದರು. ಬೆವರಿಗೆ ಅದು ಹಿಗ್ಗಿ, ಕಾಲು ಒಂದು ಕಡೆ, ಪದ್ಮನಾಭ ಒಂದು ಕಡೆ ಹೊರಟರು. ನನಗೆ ಅಟ್ಟದ ಮೇಲಿನ ಮರದ ಕಾಲು ನೆನಪಾಯಿತು. ಆದರೆ ಚೀಫ್ ಮುಂದೆ ಆ ಮಾತು ಎತ್ತುವವರು ಯಾರು? ಯೋಚಿಸಿ ಒಂದು ಉಪಾಯ ಮಾಡಿದೆ. ಅವರು ರೌಂಡ್ಸ್ ಮುಗಿಸಿ ಕಾಫಿ ಕುಡಿಯುವ ಹೊತ್ತಿಗೆ ಹೋಗಿ, ಮುಗ್ಧಳ ಹಾಗೆ, "ಸಾರ್, ಆ ಹೋಟೆಲ್ ಭಟ್ಟರು ಹುಡುಗನನ್ನು ಬೊಂಬಾಯಿಗೆ ಕರೆದುಕೊಂಡು ಹೋಗುತ್ತಾರಂತೆ. ಅಲ್ಲಿ ಪಟ್ಟಿ ಇಲ್ಲದ ಕಾಲು ಮಾಡುತ್ತಾರಂತೆ, ಮದರಾಸಿನವರಿಗೆ ಅದು ಬರುವುದಿಲ್ಲವಂತೆ" ಎಂದೆ. ಭಟ್ಟರು ಬೊಂಬಾಯಿಯನ್ನು ಕಂಡವರೇ ಅಲ್ಲ. ಚೀಫ್ ಲೋಟ ಕೆಳಗಿಟ್ಟರು. "ಎನ್ನದು? ಏನಂದೆ? ಬರುವುದಿಲ್ಲವಾ? ಆರುಮುಗಂ! ಅಟ್ಟ ಹತ್ತು!"

ಹೀಗೆ ನಮ್ಮ ವಿಭಾಗದಲ್ಲಿ ಗಾಳಿಹಿಡಿತದ ಕಾಲು ಮತ್ತೆ ಶುರುವಾಯಿತು. ಮುಂದೆ ಚೀಫ್ ಒಂದು ವೈದ್ಯರ ಸಭೆಯಲ್ಲಿ, ಸ್ನಾಯುಶಕ್ತಿಯನ್ನು ಆಳವಾಗಿ ಚಿಂತಿಸಿ ತಾವು ಈ ನಿರ್ಧಾರಕ್ಕೆ ಬಂದುದಾಗಿ ಭಾಷಣ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಹೊಸ ಕಾಲು ಬಂತು. ಎಲ್ಲಿಯೂ ಚರ್ಮವಿಲ್ಲ. ಭಟ್ಟರು ಬಂದು ಸುತ್ತು ಹಾಕಿ ನೋಡಿ, ಹಿತ್ತಾಳೆಯ ಬಿರಡೆ ಕಂಡು, "ಹಿತ್ತಾಳೆ ಶುದ್ಧವೇ" ಎಂದು ಒಪ್ಪಿಗೆ ಕೊಟ್ಟರು. ತೊಡೆಗೆ ಪೌಡರು ಹಚ್ಚಿ, ಬಟ್ಟೆ ಸುತ್ತಿ, ಅದರ ತುದಿಯನ್ನು ತಳದ ತೂತಿನಿಂದ ಎಳೆದೆಳೆದು ತೊಡೆಯನ್ನು ಒಳಗೆ ಇಳಿಸಿದೆವು. ಪದ್ಮನಾಭ ಎದ್ದು, ಮೊದಲ ಹೆಜ್ಜೆ ಇಟ್ಟ. ಆಗ ಆ ಸದ್ದು ಬಂತು.

ಯಾವ ಸದ್ದು ಎಂದು ನಾನು ಬಿಡಿಸಿ ಹೇಳುವುದಿಲ್ಲ. ತುಂಬಿದ ಸಭೆಯಲ್ಲಿ ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಸದ್ದು. ಹೆಜ್ಜೆಗೊಂದು ಬಂತು. ಮೇಸ್ತ್ರಿ ಕಿಟಕಿಯ ಹೊರಗೆ ನೋಡಿದರು. ಭಟ್ಟರು ಉತ್ತರೀಯ ಮೂಗಿಗೆ ಹಿಡಿದುಕೊಂಡರು. ಪದ್ಮನಾಭನ ಮುಖ ಕೆಂಪಾಯಿತು. "ಅಕ್ಕಾ, ದೇವರಾಣೆ ನಾನಲ್ಲ, ಇದು!" ಎಂದು ಕಾಲಿಗೆ ಬೆರಳು ಮಾಡಿದ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದು ಹೊರಗೆ ಓಡಿದೆ.

ನಕ್ಕು ಮುಗಿದ ಮೇಲೆ ಒಳಗೆ ಬಂದು ಅವನ ಸೊಂಟದ ಪಕ್ಕಕ್ಕೆ ಅಂಗೈ ಒತ್ತಿ ಹಿಂದೆಯೇ ನಡೆದೆ. ಮರದ ಕಾಲ ಮೇಲೆ ಭಾರ ಬಿದ್ದಾಗ ಸೊಂಟ ಕುಸಿದರೆ, ಮೈ ಪಕ್ಕಕ್ಕೆ ವಾಲಿ, ತೊಡೆಗೂ ಮರಕ್ಕೂ ನಡುವೆ ಸಂದು ಬಿಡುತ್ತಿತ್ತು. ಅಲ್ಲಿಂದ ಗಾಳಿ ಒಳಗೆ ಹೋಗಿ, ಮತ್ತೆ ಭಾರ ಬಿದ್ದಾಗ ಹಾಡಿಕೊಂಡು ಹೊರಗೆ ಬರುತ್ತಿತ್ತು. ಸ್ನಾಯು ಗಟ್ಟಿಯಾಗಿ ಹಿಡಿದ ಹೆಜ್ಜೆಗೆ ಸದ್ದಿಲ್ಲ. ಅಂದರೆ ನಿಮ್ಮ ಯಂತ್ರ ಗೆರೆಯಲ್ಲಿ ತೋರಿಸುವುದನ್ನು ಪದ್ಮನಾಭನ ಕಾಲು ಬಾಯಿಬಿಟ್ಟು ಹೇಳುತ್ತಿತ್ತು! ಪಟ್ಟಿಯ ಕಾಲಿನಲ್ಲಿ ಮಲಗಿದ್ದ ಸ್ನಾಯುವನ್ನು ಇಲ್ಲಿ ಎಬ್ಬಿಸಲೇಬೇಕಿತ್ತು, ಇಲ್ಲದಿದ್ದರೆ ಊರಿಗೆಲ್ಲ ಸುದ್ದಿ.

ಮಗ್ಗುಲಾಗಿ ಮಲಗಿಸಿ ಮೋಟು ತೊಡೆ ಎತ್ತಿಸಿದೆ. ಕಂಬಿಗಳ ನಡುವೆ ಒಂಟಿಕಾಲಲ್ಲಿ ನಿಲ್ಲಿಸಿದೆ. ಕೊನೆಗೆ ಅವನ ಕಸುಬಿನದೇ ಅಭ್ಯಾಸವಾಗಲಿ ಎಂದು ಭಟ್ಟರ ಹೋಟೆಲಿನಿಂದ ತಟ್ಟೆ ತರಿಸಿದೆ. ಪ್ರತಿ ತಟ್ಟೆಯ ಮೇಲೂ ನೀರು ತುಂಬಿದ ಬಟ್ಟಲು. ಅವನು ಎಡಗೈ ತುಂಬ ಜೋಡಿಸಿಕೊಂಡು ನಡೆದರೆ, ಎಷ್ಟು ಚೆಂದ ಅಂತೀರಿ! ವಾಲುವಿಕೆ ಇಲ್ಲ, ಸದ್ದಿಲ್ಲ, ಒಂದು ಹನಿ ನೀರು ಚೆಲ್ಲಲಿಲ್ಲ. ಚೀಫ್ ಬಂದು ನೋಡಿ, "ನಾಳೆ ಬೆಳಿಗ್ಗೆ ಹೋಟೆಲಿನಲ್ಲೇ ಟ್ರಯಲ್, ನಾನೇ ಬರುತ್ತೇನೆ" ಎಂದು ಘೋಷಿಸಿದರು.

ಮರುದಿನ ಬೆಳಿಗ್ಗೆ ಹೋಟೆಲು ತುಂಬಿತ್ತು. ಚೀಫ್ ನಡುಮಧ್ಯದ ಮೇಜಿನಲ್ಲಿ ಕೋಟು ಟೈ ಸಮೇತ ಕೂತರು. ನಾನು ಮೂಲೆಯ ಫ್ಯಾಮಿಲಿ ರೂಮಿನ ಪರದೆ ಸರಿಸಿ ನೋಡುತ್ತಿದ್ದೆ. ಪದ್ಮನಾಭ ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಹೋದ. ತಟ್ಟೆ ಹೊತ್ತು ಹೊರಗೆ ಬಂದ. ರಾಜನ ಹಾಗೆ ಬಂದ. ಎಲ್ಲ ಮೇಜಿಗೂ ದೋಸೆ ಹಂಚಿದ. ಯಾರೂ ಏಳಲಿಲ್ಲ, ಯಾರೂ ಪಾವಂ ಅನ್ನಲಿಲ್ಲ. ಭಟ್ಟರು ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕಣ್ಣು ತುಂಬಿಕೊಂಡರು. ಆಮೇಲೆ ಪದ್ಮನಾಭ ಬರಿಗೈಯಲ್ಲಿ ವಾಪಸು ಹೊರಟ.

ಚೀಫ್ ಅವರ ಕುರ್ಚಿಯ ಹಿಂದೆ ಬರುವಷ್ಟರಲ್ಲಿ ಮೊದಲನೆಯ ಸದ್ದು ಬಂತು. ಮತ್ತೊಂದು ಹೆಜ್ಜೆ, ಮತ್ತೊಂದು. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಸದ್ದು ಬಂದ ದಿಕ್ಕಿನಲ್ಲಿ ಎಲ್ಲರಿಗೂ ಕಂಡದ್ದು ಕೋಟು ಟೈ ಹಾಕಿದ ದೊಡ್ಡ ಮನುಷ್ಯರು. ಎದುರಿಗೆ ಕೂತಿದ್ದವರು ತಮ್ಮ ಕಾಫಿ ಲೋಟ ಎತ್ತಿಕೊಂಡು ಮೆಲ್ಲಗೆ ಬೇರೆ ಮೇಜಿಗೆ ಹೋದರು. ಸದ್ದು ಮಾಣಿಯ ಕಾಲಿನದು ಎಂದು ಚೀಫ್ ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ದೋಸೆ ತಿಂದು ಮುಗಿಸಿದರು. ಅವರ ಬಾಯಿಗೆ ಹೆದರುತ್ತಿದ್ದ ನಾನು ಅವತ್ತಿನಿಂದ ಅವರನ್ನು ಗೌರವಿಸಲು ಕಲಿತೆ.

ಪದ್ಮನಾಭ ಹಿತ್ತಲಿನಲ್ಲಿ ರುಬ್ಬುಕಲ್ಲಿನ ಹತ್ತಿರ ಕೂತು ಅಳುತ್ತಿದ್ದ. "ಸಾಕು ಅಕ್ಕಾ. ಪಾವಂ ಆದ್ರೂ ಅಡ್ಡಿಲ್ಲ, ಇದು ಬೇಡ. ನಾನು ಊರಿಗೆ ಹೋಗ್ತೇನೆ."

ನನಗೂ ಅಳು ಬರುವಂತಿತ್ತು. ತಟ್ಟೆ ಹೊತ್ತಾಗ ಇಲ್ಲದ್ದು ಬರಿಗೈಯಲ್ಲಿ ಯಾಕೆ ಬಂತು? ಅಲ್ಲೇ ನಿಂತು ಎಡಗೈಯಲ್ಲಿ ನೀರಿನ ಕೊಡಪಾನ ಎತ್ತಿ, ನನ್ನ ಸೊಂಟದ ಎಡಮಗ್ಗುಲಿಗೇ ಅಂಗೈ ಒತ್ತಿ, ಎಡಗಾಲಲ್ಲಿ ನಿಂತು ನೋಡಿದೆ. ಸ್ನಾಯು ಮೆತ್ತಗಿತ್ತು. ಕೊಡ ಬಲಗೈಗೆ ಬದಲಾಯಿಸಿದೆ. ಕಲ್ಲಿನ ಹಾಗಾಯಿತು. ನಾವು ಮಾಡಿದ ಕೆಲಸ ಈಗ ಹೊಳೆಯಿತು. ಸಪ್ಲೈಯರುಗಳು ತಟ್ಟೆ ಹೊರುವುದು ಎಡಗೈಯಲ್ಲಿ. ಪದ್ಮನಾಭನ ಮರದ ಕಾಲೂ ಎಡಗಾಲೇ. ತಕ್ಕಡಿಯ ಈ ಕಡೆಗೆ ತಟ್ಟೆಗಳ ಭಾರ ಬಿದ್ದು ಆ ಕಡೆಯನ್ನು ಕುಸಿಯದಂತೆ ಎತ್ತಿ ಹಿಡಿದಿತ್ತು. ದುಡಿದದ್ದು ದೋಸೆ, ಹೆಸರು ಬಂದದ್ದು ಸ್ನಾಯುವಿಗೆ.

"ಊರಿಗೆ ಆಮೇಲೆ ಹೋಗುವಿಯಂತೆ. ಮೊದಲು ಬಲಗೈಯಲ್ಲಿ ಬಕೆಟ್ ಎತ್ತು" ಎಂದೆ.

ಅವತ್ತಿನಿಂದ ಎಲ್ಲ ತಿರುಗುಮುರುಗು. ತಟ್ಟೆ ಬಂದ್. ಬಲಗೈಯಲ್ಲಿ ಸಾಂಬಾರಿನ ಬಕೆಟ್, ಮೊದಲು ಖಾಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು. ಸದ್ದು ಬಂದರೆ ನಿಲ್ಲಬೇಕು, ನೀರು ಕಡಿಮೆ ಮಾಡಿ ಮತ್ತೆ ಹೊರಡಬೇಕು. ಚೀಫ್ ಹೇಳಿದಂತೆ ಮೇಸ್ತ್ರಿ ಮರದ ಹೊರಗೋಡೆಯನ್ನು ಒಳಕ್ಕೆ ವಾಲಿಸಿ ಕೊರೆದರು. ತೊಡೆ ಪಕ್ಕಕ್ಕೆ ಜಾರದೆ ಆತುಕೊಂಡು ನಿಲ್ಲುವಂತಾಗಿ, ಸ್ನಾಯುವಿಗೆ ಎಳೆಯಲು ಹಿಡಿತ ಸಿಕ್ಕಿತು. ಪದ್ಮನಾಭ ನನ್ನನ್ನು ಬೈಯುತ್ತ, ಚೀಫನ್ನು ಬೈಯುತ್ತ, ರೈಲ್ವೆಯವರನ್ನೂ ಸೇರಿಸಿ ಬೈಯುತ್ತ ಆಸ್ಪತ್ರೆಯ ಉದ್ದದ ವರಾಂಡಾ ಸುತ್ತಿದ. ಬೇರೆ ವಾರ್ಡಿನ ರೋಗಿಗಳು ಕಿವಿಯಾನಿಸಿ ಕೇಳಿ, "ಇವತ್ತು ಕಡಿಮೆ ಇದೆ ಸಿಸ್ಟರ್" ಎಂದು ನನಗೆ ವರದಿ ಕೊಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ವರದಿ ಮಾಡಲು ಏನೂ ಉಳಿಯಲಿಲ್ಲ. ನನ್ನ ಅಂಗೈಗೆ ಸಿಕ್ಕಿದ್ದು ಗಟ್ಟಿ ಸ್ನಾಯು.

ಈ ಸಲ ಟ್ರಯಲ್ ಎಂದು ಯಾರಿಗೂ ಹೇಳಲಿಲ್ಲ. ಅವನು ಕೆಲಸಕ್ಕೆ ಹೋದ, ಅಷ್ಟೇ. ಕೆಲವು ದಿನ ಬಿಟ್ಟು ನಾನು ಅಮ್ಮನನ್ನು ಕರೆದುಕೊಂಡು ತಿಂಡಿಗೆ ಹೋದೆ. ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಪದ್ಮನಾಭ ದೂರದ ಮೇಜಿಗೆ ಕೊಟ್ಟು ಬರಿಗೈಯಲ್ಲಿ ತಿರುಗಿ ಬರುತ್ತಿದ್ದ. ನಮ್ಮ ಪಕ್ಕದ ಮೇಜಿನಲ್ಲಿ ಕೂತ ಆಫೀಸಿನ ಗುಮಾಸ್ತರೊಬ್ಬರು, ಹಸಿದಿದ್ದರೆಂದು ಕಾಣುತ್ತದೆ, ಮೇಜು ಗುದ್ದಿ ಕೂಗಿದರು: "ಏಂಪ್ಪಾ! ಆವಾಗಿನಿಂದ ಕರೀತಿದೀನಿ, ಮದುವೆ ಹೆಣ್ಣಿನ ಹಾಗೆ ನಡಕೊಂಡು ಬರ್ತೀಯಲ್ಲ! ಸೋಂಬೇರಿ! ಸೀಕ್ರಂ ವಾ, ಬೇಗ ಬಾ!"

ಅಡಿಗೆಮನೆಯಿಂದ ಭಟ್ಟರು ಸೌಟು ಎತ್ತಿಕೊಂಡು ಜಗಳಕ್ಕೆ ಹೊರಟರು. ಪದ್ಮನಾಭ ಕೈ ಅಡ್ಡ ಹಿಡಿದು ಅವರನ್ನು ತಡೆದ. ಗುಮಾಸ್ತರ ಮುಂದೆ ನಿಂತು, "ಬಂದೆ ಸಾರ್, ತಪ್ಪಾಯ್ತು ಸಾರ್, ಎಂತ ಕೊಡ್ಲಿ ಸಾರ್?" ಎಂದ. ಆಮೇಲೆ ನಮ್ಮ ಮೇಜಿನತ್ತ ಬಗ್ಗಿ, ತೇರ್ಗಡೆಯಾದ ಹುಡುಗನ ಹಾಗೆ ಹಲ್ಲು ಬಿಡುತ್ತ, "ಕೇಳಿದ್ರಾ ಅಕ್ಕಾ? ಸೋಂಬೇರಿ ಅಂದ್ರು ನಂಗೆ!" ಎಂದ.

ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮ ಗಾಬರಿಯಾಗಿ, "ಯಾಕೇ, ಯಾರು ಆ ಹುಡುಗ?" ಎಂದಳು. ಹೇಳುವಷ್ಟರಲ್ಲಿ ಅವನು ಅಡಿಗೆಮನೆಗೆ ಹೋಗಿ ದೋಸೆ ಹಿಡಿದು ಬಂದಾಗಿತ್ತು. ಆ ಗುಮಾಸ್ತರ ದೋಸೆಯ ಮೇಲೆ ಅವತ್ತು ಇದ್ದಷ್ಟು ಬೆಣ್ಣೆಯನ್ನು ನಾನು ಆಮೇಲೆ ಯಾವ ಹೋಟೆಲಿನಲ್ಲೂ ಕಾಣಲಿಲ್ಲ.